ಪುಟ್ಟ ಇಂಜಿನ್ನಿನ ಉಸಿರು

ಅದು ಬರುತ್ತಿರುವುದು ಸುಚಿತಾಳಿಗೆ ಮೊದಲು ಕೇಳಿಸಿತು. ಕಾಣಿಸಿದ್ದು ಆಮೇಲೆ.

ಇಳಿತದ ಹೊತ್ತು. ಸಮುದ್ರ ದೂರ ಸರಿದು, ಬೆಳಕೆ ಊರಿನ ದಡದ ಮರಳು ಸಾರಿಸಿದ ಅಂಗಳದಂತೆ ಗಟ್ಟಿಯಾಗಿ ಬಿದ್ದಿತ್ತು. ಅಪ್ಪನ ಶೆಡ್ಡಿಗೆ ರಿಪೇರಿಗೆ ಬಂದಿದ್ದ ದೋಣಿ ಇಂಜಿನ್ನಿನ ಪಂಖವನ್ನು ಅವಳು ನೀರಂಚಿನಲ್ಲಿ ಕೂತು ತಿಕ್ಕುತ್ತಿದ್ದಳು. ಆಗ ದೂರದಿಂದ ಒಂದು ಶಬ್ದ ಎದ್ದಿತು. ಜೀರುಂಡೆಯ ಸದ್ದಿಗಿಂತ ಚೂಪು, ಮರ ಕೊಯ್ಯುವ ಮಿಷನ್ನಿಗಿಂತ ಎತ್ತರ. ಹುಟ್ಟಿದಾಗಿನಿಂದ ಇಂಜಿನ್‌ಗಳ ಸದ್ದಿನಲ್ಲೇ ಬೆಳೆದವಳು ಅವಳು. ಆದರೂ ಇಂಥದ್ದೊಂದನ್ನು ಕೇಳಿರಲಿಲ್ಲ.

ತಲೆ ಎತ್ತಿದಳು.

ಬೆಕ್ಕಿನಷ್ಟೇ ಇದ್ದ ಕೆಂಪು ಕಾರೊಂದು ಎರಡೂ ಬದಿಗೆ ನೀರು ಎರಚುತ್ತಾ ನೇರ ಅವಳ ಕಡೆಗೇ ನುಗ್ಗಿ ಬರುತ್ತಿತ್ತು. ಅದರ ಹಿಂದೆ, ಬಹಳ ಹಿಂದೆ, ಒಬ್ಬ ಗಂಡಸು ಕೈಯಲ್ಲಿ ರಿಮೋಟ್ ಹಿಡಿದು ಓಡಿ ಬರುತ್ತಿದ್ದ.

ಎದ್ದು ಓಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅಷ್ಟು ಸಣ್ಣ ವಸ್ತುವಿನೊಳಗೆ ಅಷ್ಟು ದೊಡ್ಡ ಸಿಟ್ಟು ಹೇಗೆ ಹಿಡಿಸಿತು ಎಂದು ನೋಡುತ್ತಲೇ ಉಳಿದಳು. ಶಬ್ದ ಇನ್ನೂ ಸಣ್ಣಗಾಯಿತು, ತಂತಿಯಂತೆ ಬಿಗಿಯಿತು... ಫಕ್ಕನೆ ನಿಂತಿತು. ಕಾರು ಸದ್ದಿಲ್ಲದೆ ಉರುಳುತ್ತ ಬಂದು ಅವಳ ಪಾದದ ಹತ್ತಿರ, ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಸಿಹಿಯೂ ಖಾರವೂ ಆದ ಒಂದು ವಾಸನೆ ಮೂಗಿಗೆ ಬಡಿಯಿತು. ಪೆಟ್ರೋಲ್ ಅಲ್ಲ, ಸೀಮೆಎಣ್ಣೆಯೂ ಅಲ್ಲ.

ಆ ಗಂಡಸು ಬಂದವನೇ ಮರಳಿನ ಮೇಲೆ ಮಂಡಿಯೂರಿದ. ಅವಳನ್ನು ನೋಡಲೂ ಇಲ್ಲ. ಕಾರಿನ ಮೇಲ್ಹೊದಿಕೆ ತೆಗೆದು, ಒಳಗಿದ್ದ ಲಿಂಬೆಹಣ್ಣಿನ ಗಾತ್ರದ ಇಂಜಿನ್ನಿನ ಪಕ್ಕ ಬೆರಳು ಹಿಡಿದು ಬಿಸಿ ನೋಡಿದ.

"ನನ್ನ ಕಾಲಿಗೆ ಬಡೀತಿತ್ತು. ಕಣ್ಣು ಕಾಣೂದಿಲ್ವಾ ನಿಮಗೆ?"

ಉತ್ತರವಿಲ್ಲ.

"ನಿಮಗೇ ಹೇಳ್ತಾ ಇಪ್ಪುದು."

ಅದಕ್ಕೂ ಉತ್ತರವಿಲ್ಲ. ಎಷ್ಟು ಗರ್ವ ಇವನಿಗೆ... ಸುಚಿತಾ ಎದ್ದು ಅವನ ಎದುರಿಗೆ ಬಂದು ನಿಂತಳು. ಅವಳ ನೆರಳು ಕಾರಿನ ಮೇಲೆ ಬಿತ್ತು. ಆಗ ಅವನು ತಲೆ ಎತ್ತಿದ. ಆ ಮುಖದಲ್ಲಿ ಗರ್ವ ಇರಲಿಲ್ಲ. ನಿಜವಾಗಿಯೂ ಹೆದರಿದ್ದ ಅವನು.

"ತಪ್ಪಾತು. ಪೆಟ್ಟು ಬಿತ್ತಾ? ಕೈ ಬಿಟ್ರೂ ವೇಗ ಇಳೀಲಿಲ್ಲ. ಎಂತ ಆತು ಅಂತಲೇ ಗೊತ್ತಾಗ್ಲಿಲ್ಲ ನಂಗೆ."

ಅವಳ ಸಿಟ್ಟು ಅರ್ಧ ಇಳಿಯಿತು. "ಎಂತ ಆತು ಅಂತ ನಾ ಹೇಳ್ತೆ. ಅದಕ್ಕೆ ಎಣ್ಣೆ ಸಿಕ್ಕಲಿಲ್ಲ. ಹಸಿದು ಹುಚ್ಚು ಹಿಡಿದು ಓಡ್ತು, ಮತ್ತೆ ಸತ್ತೇ ಹೋತು."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಅವಳಿಗೆ ಒಂದು ಥರ ನಾಚಿಕೆಯಾಯಿತು.

"ನಿಮಗೆ ಹ್ಯಾಂಗೆ ಗೊತ್ತು?"

"ಕೇಳ್ತದಲ್ಲ. ನಿಲ್ಲೂ ಮುಂಚೆ ಶಬ್ದ ಸಣ್ಣ ಆತು. ದೋಣಿ ಇಂಜಿನ್ನೂ ಹಂಗೇ ಮಾಡ್ತದೆ."

ಅವನು ತೇರನ್ನು ಮೊದಲ ಸಲ ಕಂಡ ಮಗುವಿನ ಹಾಗೆ ಅವಳನ್ನೇ ನೋಡಿದ. ಮತ್ತೆ ಮೆಲ್ಲಗೆ ಕೇಳಿದ, "ಇದನ್ನ ಒಂದ್ಸಲ ಬಿಚ್ಚಿ ನೋಡ್ತೀರಾ?"

ಅವನ ಹೆಸರು ದಿನೇಶ. ಮಂಕಿ ಊರಿನವನು. ಕೆಲವು ವರ್ಷ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿ, ಬಿಟ್ಟು ಬಂದು, ಈಗ ಊರಲ್ಲಿ ಕೊಬ್ಬರಿ ಎಣ್ಣೆ ಗಿರಣಿ ನಡೆಸುತ್ತಿದ್ದ. ಮನೆಯಲ್ಲಿ ಹೆತ್ತ ಆಯಿ ಒಬ್ಬಳು. ಹಡಗು ಸಿಂಗಾಪುರದಲ್ಲಿ ನಿಂತಾಗ ಆಸೆಪಟ್ಟು ಕೊಂಡ ಕಾರು ಅದು. ಬ್ಯಾಟರಿಯದ್ದಲ್ಲ. ನೈಟ್ರೋ ಎಂಬ ಎಣ್ಣೆ ಕುಡಿದು, ನಿಜವಾದ ಬೆಂಕಿಯಲ್ಲಿ ಓಡುವ ಕಾರು.

ಸುಚಿತಾಳ ಅಪ್ಪ ದುರ್ಗಪ್ಪ ಬೆಳಕೆಯಿಂದ ಭಟ್ಕಳ ಬಂದರಿನವರೆಗೆ ಎಲ್ಲ ನಾಡದೋಣಿಗಳ ಇಂಜಿನ್ ವೈದ್ಯ. ಅವರ ಹೆಗಲು ನೋವಿನಿಂದ ಏಳದಂತಾದ ಮೇಲೆ ಸ್ಪ್ಯಾನರ್ ಮಗಳ ಕೈಗೆ ಬಂದಿತ್ತು. ಡಿಗ್ರಿ ಮುಗಿಸಿದ ಹುಡುಗಿ ಮೈಗೆಲ್ಲ ಗ್ರೀಸು ಬಳಿದುಕೊಂಡು ಕೂತಿರುತ್ತಾಳೆ ಎಂದು ಕೇರಿಯವರು ನಗುತ್ತಿದ್ದರು. ಅವಳಿಗೆ ಅದರ ಚಿಂತೆ ಇರಲಿಲ್ಲ.

ಅಂದು ಶೆಡ್ಡಿನ ಹಲಗೆಯ ಮೇಲೆ ಇಬ್ಬರೂ ಆ ಕಾರನ್ನು ಬಿಚ್ಚಿದರು. ಟ್ಯಾಂಕು ಒಂದು ಮುಷ್ಟಿಯಷ್ಟು. ಅದರೊಳಗಿನ ಗಸಗಸೆಯಷ್ಟು ಸಣ್ಣ ಕಣ್ಣಿನ ಜಾಲರಿಯಲ್ಲಿ ನುಣ್ಣನೆಯ ಮರಳು ಮೆತ್ತಿಕೊಂಡಿತ್ತು.

"ಕಾಣಿ, ಗಂಟಲೇ ಕಟ್ಟಿ ಹೋಗ್ಯದೆ," ಎಂದಳು ಸುಚಿತಾ. ಆಮೇಲೆ ಸುತ್ತಲೂ ಹುಡುಕಿದಳು. "ಇದರ ಪಂಪೆಲ್ಲಿ? ಎಣ್ಣೆನ ಮುಂದೆ ತಳ್ಳೂದು ಯಾರು?"

ದಿನೇಶ ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಪಂಪಿಲ್ಲ. ಈ ಸಪೂರ ನಳಿಗೆ ಕಾಣ್ತದಾ? ಇಂಜಿನ್ ಬಿಟ್ಟ ಹೊಗೆ ಹೊರಗೆ ಹೋಗ್ತದಲ್ಲ, ಅದರಲ್ಲಿ ಒಂಚೂರು ಈ ನಳಿಗೆಯಲ್ಲಿ ತಿರುಗಿ ಟ್ಯಾಂಕಿಗೆ ಬರ್ತದೆ. ಬಂದು ಎಣ್ಣೆ ಮೇಲೆ ಕೂತು ಒತ್ತುತ್ತದೆ. ಆ ಒತ್ತಡಕ್ಕೆ ಎಣ್ಣೆ ಮುಂದೆ ಹೋಗ್ತದೆ. ಅದು ಬಿಟ್ಟ ಉಸಿರೇ ಅದಕ್ಕೆ ಊಟ ಬಡಿಸ್ತದೆ."

ಸುಚಿತಾಳ ಕೈ ಅಲ್ಲೇ ನಿಂತಿತು.

ದೋಣಿ ಇಂಜಿನ್ನಿಗೆ ಎಣ್ಣೆ ಹೋಗಬೇಕಾದರೆ ರಬ್ಬರಿನ ಗುಂಡನ್ನು ಕೈಯಲ್ಲಿ ಒತ್ತಿ ಒತ್ತಿ ಕಳಿಸಬೇಕು. ಚಿಕ್ಕವಳಿದ್ದಾಗಿನಿಂದ ಅದೆಷ್ಟು ಸಲ ಒತ್ತಿದ್ದಾಳೋ. ಆದರೆ ಇದು... ತಾನು ಬಿಟ್ಟ ಉಸಿರನ್ನೇ ನಂಬಿ ಬದುಕುವ ಜೀವ! ಜೋರಾಗಿ ಓಡಿದಷ್ಟೂ ಜೋರಾಗಿ ಉಸಿರು, ಜೋರಾಗಿ ಉಸಿರು ಬಿಟ್ಟಷ್ಟೂ ಹೆಚ್ಚು ಊಟ. ಇದನ್ನು ಯೋಚಿಸಿದ ಮನುಷ್ಯ ಯಾರಿರಬಹುದು?

"ಎಂತ ಆತು?" ಎಂದ ದಿನೇಶ.

"ಎಂತ ಇಲ್ಲ. ಚಂದ ಅದೆ," ಎಂದಳು. ಕಣ್ಣು ಯಾಕೋ ತುಂಬಿ ಬಂದಿತ್ತು. ಅವನಿಗೆ ಕಾಣದ ಹಾಗೆ ಜಾಲರಿಯನ್ನು ಬೆಳಕಿಗೆ ಹಿಡಿದಳು.

ಆಮೇಲೆ ಅವನು ಪ್ರತಿ ಶನಿವಾರ ಬೆಳಕೆಗೆ ಬರತೊಡಗಿದ. ಕಾರಿಗೂ ಪ್ರತಿ ಸಲ ಏನಾದರೂ ಒಂದು ಕಾಯಿಲೆ. ಒಮ್ಮೆ ನಳಿಗೆ ಮಡಚಿ ಎಣ್ಣೆ ಸಾಗುತ್ತಿರಲಿಲ್ಲ. ಒಮ್ಮೆ ನಳಿಗೆಯಲ್ಲಿ ಸೂಜಿ ಮೊನೆಯಷ್ಟು ತೂತಾಗಿ, ಎಣ್ಣೆಯ ಜೊತೆ ಗಾಳಿಗುಳ್ಳೆಗಳು ಓಡುತ್ತಿದ್ದವು. ಅವನು ಕಣ್ಣಿನಿಂದ, ಬೆರಳಿನಿಂದ ಕಂಡುಹಿಡಿಯುತ್ತಿದ್ದ. ಕಾರಿನ ಹಿಂದೆ ಏಳುವ ನೀಲಿ ಹೊಗೆ ತೆಳುವಾದರೆ ಅವನ ಹುಬ್ಬು ಗಂಟಾಗುತ್ತಿತ್ತು. ಅವಳು ಕಣ್ಣು ಮುಚ್ಚಿ ಕೇಳಿ ಹೇಳುತ್ತಿದ್ದಳು. ಇಬ್ಬರ ಲೆಕ್ಕವೂ ಒಂದೇ ಕಡೆ ಬಂದು ಸೇರಿದಾಗ ಇಬ್ಬರಿಗೂ ನಗು.

ಒಂದು ಸಂಜೆ ಅವನು ರಿಮೋಟನ್ನು ಅವಳ ಕೈಗಿಟ್ಟ.

"ನಾನಾ? ಬೇಡಪ್ಪ."

"ಮೆಲ್ಲ ಒತ್ತಿ. ಅದಕ್ಕೆ ನಿಮ್ಮ ಗುರ್ತು ಅದೆ."

ಅವಳು ಮೆಲ್ಲ ಒತ್ತಿದಳು. ದೂರದಲ್ಲಿ ಆ ಕೆಂಪು ಜೀವ ಚಿಮ್ಮಿತು. ನೀರಂಚಿನಲ್ಲಿ ಹೊಳೆವ ಮರಳಿನ ಮೇಲೆ, ಆಕಾಶದ ನೆರಳನ್ನೇ ಸೀಳಿಕೊಂಡು ಹೋಯಿತು. ಅವಳ ಬೆರಳಿಗೂ ಆ ವೇಗಕ್ಕೂ ನಡುವೆ ಏನೂ ಇರಲಿಲ್ಲ. ದಾರವಿಲ್ಲ, ತಂತಿಯಿಲ್ಲ. ಸುಚಿತಾ ಉಸಿರಾಡುವುದನ್ನೇ ಮರೆತಳು.

ಪಕ್ಕದಲ್ಲಿ ನಿಂತವನು ಕಾರನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

ಅವನು ಯಾವಾಗಲೂ ಅವಳ ಬಲಕ್ಕೇ ನಿಲ್ಲುತ್ತಿದ್ದ. ಅವಳು ಮಾತಾಡಿದರೆ ಪೂರ್ತಿ ತಿರುಗಿ ಮುಖ ನೋಡುತ್ತಿದ್ದ. ಇಷ್ಟು ಗಮನ ಕೊಟ್ಟು ತನ್ನ ಮಾತು ಕೇಳಿದವರು ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ ಎನಿಸುತ್ತಿತ್ತು ಅವಳಿಗೆ. ಆದರೂ ಕೆಲವೊಮ್ಮೆ ಕರೆದರೆ ತಿರುಗದೆ ನಡೆದುಬಿಡುತ್ತಿದ್ದ. ದೊಡ್ಡ ಹಡಗಿನಲ್ಲಿ ಇದ್ದವನು, ಅವನ ತಲೆಯಲ್ಲಿ ಏನೇನಿರುತ್ತದೋ ಎಂದು ಸುಮ್ಮನಾಗುತ್ತಿದ್ದಳು.

ಅಷ್ಟರಲ್ಲಿ ಕುಮಟೆಯಿಂದ ಒಂದು ಸಂಬಂಧ ಬಂತು. ಹುಡುಗ ವಿಶ್ವನಾಥ, ಸೊಸೈಟಿಯಲ್ಲಿ ನೌಕರಿ. ಒಳ್ಳೆಯ ಜನ. ಅಪ್ಪನಿಗೆ ಮನಸ್ಸಿತ್ತು.

"ಭಾನುವಾರ ನಿನ್ನ ನೋಡೂಕೆ ಬತ್ರು ಮಗಾ. ನೀ ಎಂತ ಹೇಳ್ತೆ?" ಎಂದು ಅಪ್ಪ ಕೇಳಿದಾಗ ಸುಚಿತಾ, "ನಾಳೆ ಹೇಳ್ತೆ ಅಪ್ಪಾ," ಎಂದಳು.

ಆ ನಾಳೆ ಶನಿವಾರವಾಗಿತ್ತು.

ದಡದಲ್ಲಿ ಗಾಳಿ ಜೋರಾಗಿತ್ತು. ದಿನೇಶ ಕಾರಿನ ಮೇಲೆ ಬಗ್ಗಿ, ಎಣ್ಣೆ ಹೆಚ್ಚು ಕಡಿಮೆ ಮಾಡುವ ತಿರುಪು ತಿರುಗಿಸುತ್ತಿದ್ದ. ಇಂಜಿನ್ ನಿಂತಲ್ಲೇ ಗುರುಗುಡುತ್ತಿತ್ತು. ಸುಚಿತಾಳಿಗೆ ಅವನ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಅವನ ಬಲಬದಿಗೆ, ಸ್ವಲ್ಪ ಹಿಂದೆ ನಿಂತು, ಸಮುದ್ರವನ್ನು ನೋಡುತ್ತಾ ಹೇಳಿದಳು.

"ನಾಳೆ ನನ್ನ ನೋಡೂಕೆ ಬತ್ರು. ಕುಮಟೆಯವರು. ಅಪ್ಪ ನನ್ನ ಉತ್ತರ ಕಾಯ್ತಾ ಇದ್ರು..." ಕಾಲಿನಿಂದ ಮರಳು ಕೆದಕಿದಳು. "ನಾ ಒಪ್ಪಿಕೊಳ್ಳೂದಾ? ನೀವು ಹೇಳಿ. ನೀವು ಬೇಡ ಅಂದ್ರೆ ನಾ ಈಗಲೇ ಅಪ್ಪಂಗೆ ಬೇಡ ಅಂತ ಹೇಳ್ತೆ."

ದಿನೇಶ ಅರ್ಧ ತಿರುಗಿ ಅವಳತ್ತ ನೋಡಿದ. ನಗುತ್ತಾ ತಲೆಯಾಡಿಸಿದ.

"ಆತು, ಆತು. ಛಲೋ ಆತು," ಎಂದು ಮತ್ತೆ ಇಂಜಿನ್ನಿನ ಮೇಲೆ ಬಗ್ಗಿದ.

ಅಷ್ಟೇ.

ಅವಳು ಮನೆಗೆ ನಡೆದಳು. ದಾರಿಯಲ್ಲಿ ಅಳಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡ ಮೇಲೆ, ಕೈಗೆ ಸಿಕ್ಕ ಎಣ್ಣೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಛಲೋ ಆತಂತೆ... ಇಷ್ಟು ದಿನ ಅವನು ನೋಡಿದ್ದೆಲ್ಲ ನನ್ನನ್ನಲ್ಲ, ನನ್ನ ಕಿವಿಯನ್ನು. ಅವನ ಕಾರಿಗೆ ಬೇಕಾದ ಒಂದು ಕಿವಿ ನಾನು.

ಭಾನುವಾರ ಅವರು ಬಂದರು, ನೋಡಿದರು, ಒಪ್ಪಿದರು. ಸುಚಿತಾ ಬೇಡ ಎನ್ನಲಿಲ್ಲ.

ಮುಂದಿನ ಶನಿವಾರ ದಿನೇಶ ಬಂದಾಗ ಶೆಡ್ಡಿನಲ್ಲಿ ದುರ್ಗಪ್ಪ ಒಬ್ಬರೇ ಇದ್ದರು.

"ಸುಚಿತಾ ಇಲ್ವಾ?"

"ಒಳಗೆ ಅದೆ. ಇನ್ನು ಬರೂದಿಲ್ಲ ಮಾರಾಯಾ. ಮದಿ ಮಾತುಕತೆ ನಡೀತಾ ಅದೆ. ಮುಂದಿನ ತಿಂಗಳು ಕುಮಟೆಗೆ ಮನೆ ನೋಡೂಕೆ ಹೋಗುದು."

ದುರ್ಗಪ್ಪ ಎದುರೆದುರೇ ಹೇಳಿದ್ದರಿಂದ ಅವನಿಗೆ ಪ್ರತಿ ಅಕ್ಷರವೂ ತಿಳಿಯಿತು. ಬಣ್ಣ ಇಳಿದ ಮುಖದಲ್ಲಿ, "ಛಲೋ ಸುದ್ದಿ," ಎಂದ. ಕಾರನ್ನು ಕಂಕುಳಲ್ಲಿ ಹಿಡಿದು ಹೋದ. ಬಾಗಿಲ ಸಂದಿಯಲ್ಲಿ ನಿಂತು ಸುಚಿತಾ ನೋಡಿದಳು. ಒಮ್ಮೆಯಾದರೂ ತಿರುಗುತ್ತಾನೆ ಎಂದು ಕಾದಳು.

ಅವನು ತಿರುಗಲಿಲ್ಲ.

ಕುಮಟೆಗೆ ಹೊರಟ ದಿನವೂ ಭಾನುವಾರವೇ. ಅದೇ ದಿನ ಕುಮಟೆಯ ಕಡಲತಡಿಯಲ್ಲಿ ರಿಮೋಟ್ ಕಾರಿನ ಹುಚ್ಚರೆಲ್ಲ ಸೇರುವವರಿದ್ದರು. ದಿನೇಶ ಎಂದೋ ಆಸೆಯಿಂದ ಹೇಳಿದ್ದ. ಅವಳಿಗೆ ಅದು ನೆನಪಿತ್ತು. ಅಪ್ಪ ದಿನ ಗೊತ್ತು ಮಾಡಿದಾಗ ಬೇರೆ ದಿನ ಇಡಿ ಎನ್ನಬಹುದಿತ್ತು. ಎನ್ನಲಿಲ್ಲ. ಯಾಕೆ ಎಂದು ತನ್ನನ್ನು ತಾನೂ ಕೇಳಿಕೊಳ್ಳಲಿಲ್ಲ.

ಬಸ್ಸು ಮಂಕಿ ದಾಟುವಾಗ ಇನ್ನೊಂದು ಬದಿಯ ಕಿಟಕಿ ನೋಡುತ್ತಾ ಕೂತಳು. ಹೊನ್ನಾವರದ ಸೇತುವೆಯ ಮೇಲೆ ಅಪ್ಪ ಕೇಳಿದರು, "ಖುಷಿ ಇದ್ಯಲ್ಲ ಮಗಾ?"

"ಹೂಂ."

ವಿಶ್ವನಾಥನ ಮನೆ ಕಡಲಿಗೆ ಹತ್ತಿರ. ಚಾ ಕುಡಿಯುತ್ತಿದ್ದಾಗ ಅವನ ಆಯಿ ನಗುತ್ತಾ ಹೇಳಿದಳು, "ಇಬ್ಬರೂ ಒಂಚೂರು ತಿರುಗಾಡಿ ಬನ್ನಿ. ನಮ್ಮೆದುರಿಗೆ ಎಂತ ಮಾತಾಡ್ತ್ರಿ?"

ಇಬ್ಬರೂ ಕಡಲಿಗೆ ನಡೆದರು. ವಿಶ್ವನಾಥ ಮೆಲುಮಾತಿನವನು. ಅವಳಿಗೆ ಶೆಡ್ಡಿನ ಕೆಲಸ ಮುಂದುವರಿಸಲು ಆಸೆಯಿದ್ದರೆ ಇಲ್ಲೂ ದೋಣಿಗಳಿವೆ ಎಂದ. ಅವನ ಒಳ್ಳೆಯತನವೇ ಅವಳಿಗೆ ಭಾರವಾಯಿತು.

ದಡದಲ್ಲಿ ಜನ ಸೇರಿದ್ದರು. ಆಗ ಆ ಶಬ್ದ ಬಂತು.

ಸುಚಿತಾ ನಿಂತುಬಿಟ್ಟಳು. ನೂರು ಇಂಜಿನ್ನುಗಳ ನಡುವೆಯೂ ಅದನ್ನು ಗುರುತಿಸಬಲ್ಲಳು. ಆದರೆ ಅದು ಹಾಡುತ್ತಿರಲಿಲ್ಲ. ಕಿರುಚುತ್ತಿತ್ತು. ಎಣ್ಣೆಯಿಲ್ಲದೆ, ಒಣಗಿ, ಸುಟ್ಟುಹೋಗುವ ಮುಂಚಿನ ಕಿರುಚು. ಜನ ಕಿವಿ ಮುಚ್ಚಿಕೊಂಡರು. ನೀರಂಚಿನಲ್ಲಿ ದಿನೇಶ ಒಬ್ಬನೇ ನಿಂತಿದ್ದ. ಮುಖ ಶಾಂತವಾಗಿತ್ತು. ಎದುರು ಬಿಸಿಲು, ಅಡ್ಡಗಾಳಿ. ಹೊಗೆ ಏಳುವ ಮೊದಲೇ ಹಾರಿಹೋಗುತ್ತಿತ್ತು. ಅವನು ಇನ್ನೂ ವೇಗ ಕೊಡುತ್ತಿದ್ದ.

ಯಾಕೆ ನಿಲ್ಲಿಸುತ್ತಿಲ್ಲ? ಯಾಕೆ...

ಪಕ್ಕದಲ್ಲಿ ವಿಶ್ವನಾಥ ಕಿವಿಗೆ ಕೈಯಿಟ್ಟು ಹೇಳಿದ, "ಅವಂಗೆ ಕಿವಿ ಕೇಳ್ತದೋ ಇಲ್ವೋ."

ಬರೀ ಮಾತಿಗೆ ಹೇಳಿದ್ದು ಅದು. ಸುಚಿತಾಳ ಕಾಲ ಕೆಳಗಿನ ಮರಳು ಜಾರಿದಂತಾಯಿತು.

ಯಾವಾಗಲೂ ತನ್ನ ಬಲಕ್ಕೇ ನಿಲ್ಲುತ್ತಿದ್ದವನು. ತುಟಿಯನ್ನೇ ನೋಡುತ್ತಿದ್ದವನು. ಕರೆದರೆ ತಿರುಗದವನು. ಆತು, ಆತು, ಛಲೋ ಆತು...

"ಅಯ್ಯೋ ದೇವರೇ," ಎಂದಳು ಮೆಲ್ಲಗೆ. "ಅವರಿಗೆ ಕೇಳ್ಲೇ ಇಲ್ಲ."

ವಿಶ್ವನಾಥ ಅವಳ ಮುಖ ನೋಡಿದ. ನೀರಂಚಿನ ಆ ಗಂಡಸನ್ನೂ ನೋಡಿದ. ಅವನು ದಡ್ಡನಲ್ಲ.

"ಗುರ್ತಿನವರಾ?"

ಅವಳು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಹೋಗಿ," ಎಂದ ಅವನು. "ಇಂಜಿನ್ ಸುಟ್ಟು ಹೋಗೂ ಮುಂಚೆ ಹೋಗಿ."

ಅವಳು ಓಡಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಜನರನ್ನು ಸರಿಸಿ, ಓಡಿದಳು. ಅವನ ಬೆನ್ನ ಹಿಂದೆ ಬಂದು ಒಮ್ಮೆ ಕರೆದಳು, "ದಿನೇಶ..."

ಅವನು ಅಲುಗಲಿಲ್ಲ.

ಅವಳು ಎದುರಿಗೆ ಬಂದು ಎರಡೂ ಕೈ ಎತ್ತಿದಳು. ಅವನ ಬೆರಳು ತಾನಾಗಿ ಸಡಿಲವಾಯಿತು. ದೂರದಲ್ಲಿ ಕಾರು ಒಂದಷ್ಟು ಓಡಿ, ಕೆಮ್ಮಿ, ನಿಂತಿತು.

"ನಿಮಗೆ ಕೇಳೂದಿಲ್ಲ. ಅಲ್ದಾ?"

ಅವನು ಅವಳ ತುಟಿ ನೋಡಿದ. ಮತ್ತೆ ಮರಳು ನೋಡಿದ.

"ಬಲದ್ದು ಪೂರ್ತಿ ಹೋಗ್ಯದೆ. ಎಡದ್ದು ಅರ್ಧ. ಹಡಗಲ್ಲಿ ಒಂದು ಜ್ವರ ಬಂತು, ಅದರ ಜೊತೆಗೇ ಹೋತು. ಹಡಗಿನವರ ಮೆಡಿಕಲ್ ಪರೀಕ್ಷೇಲಿ ಫೇಲಾದೆ. ಮಿಷನ್ ಅದೆ ಕಿವಿಗೆ ಹಾಕೂಕೆ, ಗಾಳಿಗೆ ಅದು ಬರೀ ಗುಂಯ್ ಅಂತದೆ."

"ನಂಗೆ ಎಂತಕೆ ಹೇಳ್ಲಿಲ್ಲ?"

"ನೀವು ಅಷ್ಟು ಚಂದ ಕೇಳೂವವರು..." ಅವನು ರಿಮೋಟನ್ನು ಕೈಯಲ್ಲಿ ತಿರುಗಿಸಿದ. "ಕಿವುಡ ಅಂತ ಹ್ಯಾಂಗೆ ಹೇಳೂದು?"

"ಆವತ್ತು ನಾ ಒಂದು ಮಾತು ಕೇಳಿದ್ದೆ. ನೀವು ಆತು ಅಂದ್ರಿ."

"ತಿಳೀದಿದ್ರೆ ಹಂಗೇ ಹೇಳಿಬಿಡ್ತೆ ನಾನು. ಎಂತ ಕೇಳಿದ್ರಿ?"

ಅವಳು ಕಣ್ಣೊರೆಸಿಕೊಂಡಳು. ಅಷ್ಟು ಜನ ನೋಡುತ್ತಿದ್ದರು. "ಮೊದಲು ಅದನ್ನ ನೋಡುವ. ಅದು ಸಾಯ್ತಾ ಅದೆ."

ಇಬ್ಬರೂ ಕಾರಿನ ಪಕ್ಕ ಕೂತರು. ಜಾಲರಿ ಶುದ್ಧವಿತ್ತು. ನಳಿಗೆಯಲ್ಲಿ ಗುಳ್ಳೆ ಇರಲಿಲ್ಲ. ಮಡಚಿರಲೂ ಇಲ್ಲ.

"ಎಣ್ಣೆ ದಾರಿ ಸರಿ ಅದೆ. ಹಂಗಾದ್ರೆ ತಳ್ಳೂ ಉಸಿರೇ ಸೋರ್ತಾ ಇರಬೇಕು," ಎಂದ ದಿನೇಶ.

ಯಾರೋ ಬಕೆಟಿನಲ್ಲಿ ನೀರು ತಂದರು. ಟ್ಯಾಂಕು ಬಿಚ್ಚಿ ಮುಳುಗಿಸಿ, ಒಂದು ನಳಿಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಊದಿದ. ಒಂದು ಗುಳ್ಳೆಯೂ ಏಳಲಿಲ್ಲ.

ಸುಚಿತಾ ಯೋಚಿಸಿದಳು. "ಇದು ತಣ್ಣೀರು. ಓಡೂವಾಗ ಟ್ಯಾಂಕು ಬಿಸಿ ಇರ್ತದೆ. ಬಿಸಿನೀರು ಬೇಕಿತ್ತು."

"ನಮ್ಮನೇಲಿ ಅದೆ," ಎಂದಿತು ಹಿಂದಿನಿಂದ ಒಂದು ಧ್ವನಿ. ವಿಶ್ವನಾಥ. ಯಾರೂ ಏನೂ ಹೇಳುವ ಮೊದಲೇ ಹೋದ. ಬರುವಾಗ ಅವನ ಕೈಯಲ್ಲಿ ಹಬೆಯಾಡುವ ಪಾತ್ರೆಯಿತ್ತು. ಹಿಂದೆ ಸಿಟ್ಟಿನ ಮುಖ ಹೊತ್ತ ದುರ್ಗಪ್ಪ.

"ಎಂತ ಮಗಾ ಇದು? ಮನೆ ನೋಡೂಕೆ ಬಂದವಳು..."

"ಒಂದು ನಿಮಿಷ ಅಪ್ಪಾ."

ಬಿಸಿನೀರಿನಲ್ಲಿ ಟ್ಯಾಂಕು ಮುಳುಗಿತು. ದಿನೇಶ ಊದಿದ. ಮುಚ್ಚಳದ ಅಂಚಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಮತ್ತೊಂದು.

ಅಷ್ಟು ಜನರ ತಲೆ ಒಂದು ಪಾತ್ರೆಯ ಮೇಲೆ ಬಗ್ಗಿತ್ತು.

"ಮುಚ್ಚಳದ ಸ್ಪ್ರಿಂಗ್ ಸತ್ತಿದೆ," ಎಂದ ದಿನೇಶ. "ಬಿಸಿಯಾದ್ರೆ ಎದ್ದು ಬರ್ತದೆ. ಈಗ ಹೊಸ ಸ್ಪ್ರಿಂಗ್ ಎಲ್ಲಿಂದ ತರೂದು?"

ಸುಚಿತಾ ಜಡೆಯ ತುದಿಗೆ ಕೈ ಹಾಕಿದಳು. ಕಪ್ಪು ರಬ್ಬರ್ ಎಳೆದು ತೆಗೆದಳು. ಟ್ಯಾಂಕಿಗೆ ಸುತ್ತಿ, ಮುಚ್ಚಳದ ಮೇಲೆ ತಂದು, ಮತ್ತೆ ಸುತ್ತಿ ಬಿಗಿದಳು. ಕಡಲ ಗಾಳಿಗೆ ಕೂದಲು ಬಿಚ್ಚಿ ಮುಖಕ್ಕೆಲ್ಲ ಹಾರಿತು. ದಿನೇಶ ಟ್ಯಾಂಕು ಹಿಡಿಯುವುದನ್ನೇ ಮರೆತು ಅವಳನ್ನು ನೋಡಿದ.

"ಊದಿ," ಎಂದಳು.

ಊದಿದ. ನೀರು ಅಲುಗಲಿಲ್ಲ.

ಕಾರು ಮತ್ತೆ ಮರಳಿಗಿಳಿಯಿತು. ಇಂಜಿನ್ ಹಿಡಿಯಿತು. ಅವಳು ಕಿವಿಗೊಟ್ಟು ಹೇಳಿದಳು, ಅವನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಎದ್ದು ರಿಮೋಟ್ ಹಿಡಿದಾಗ ಸುಚಿತಾ ಅವನ ಎಡಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟಳು.

"ಶಬ್ದ ಸಣ್ಣ ಆದ್ರೆ ನಾ ಹೆಗಲು ಒತ್ತುತ್ತೆ. ಸರಿ ಇದ್ರೆ ಕೈ ಸುಮ್ನೆ ಇಡ್ತೆ."

ಕಾರು ಹೊರಟಿತು.

ಆಹಾ, ಆ ಶಬ್ದ! ತುಂಬಿದ, ಹೊಟ್ಟೆ ತುಂಬಿದ ಶಬ್ದ. ಕಾರು ಅಲೆಯ ಅಂಚನ್ನು ಮುಟ್ಟಿ ಮುಟ್ಟದೆ ಹಾರಿ, ತಿರುಗಿ, ಬಿಸಿಲನ್ನು ಸೀಳಿಕೊಂಡು ಬಂತು. ಒಂದು ಮುಷ್ಟಿ ಎಣ್ಣೆ, ಒಂದು ಕಿಡಿ, ಸೋರದೆ ಮರಳಿದ ಒಂದಿಷ್ಟು ಉಸಿರು. ಇಷ್ಟರಿಂದಲೇ ಆ ಕಡಲತಡಿಯ ಜನರೆಲ್ಲ ಬಾಯಿ ತೆರೆದು ನಿಂತಿದ್ದರು. ಸುಚಿತಾಳ ಕೈ ಅವನ ಹೆಗಲ ಮೇಲೆ ಕದಲದೆ ಕೂತಿತ್ತು. ಒಮ್ಮೆಯೂ ಒತ್ತಲಿಲ್ಲ.

ಕಾರು ಬಂದು ನಿಂತಾಗ ಮೊದಲು ಬಗ್ಗಿದವರು ದುರ್ಗಪ್ಪ. ನೋವಿನ ಹೆಗಲನ್ನೂ ಮರೆತು ಮರಳಿನ ಮೇಲೆ ಕೂತುಬಿಟ್ಟರು.

"ಇದರ ಪಂಪೆಲ್ಲಿ ಮಾರಾಯಾ?"

"ಪಂಪಿಲ್ಲ ಅಪ್ಪಾ. ಬಿಟ್ಟ ಉಸಿರೇ ಎಣ್ಣೆ ತಳ್ತದೆ."

ದುರ್ಗಪ್ಪ ನಳಿಗೆಯ ಹಾದಿಯನ್ನು ಬೆರಳಲ್ಲಿ ಹಿಡಿದು ಹೋದರು. ಹೊಗೆಕೊಳವೆಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಇಂಜಿನ್ನಿಗೆ. ಮತ್ತೊಮ್ಮೆ ಹೋದರು. "ಅರೆರೆ..." ಎಂದು ತಮ್ಮೊಳಗೇ ಹೇಳಿಕೊಂಡರು. ಆಮೇಲೆ ತಲೆ ಎತ್ತಿ ಮಗಳ ಬಿಚ್ಚಿದ ಕೂದಲು ನೋಡಿದರು, ಟ್ಯಾಂಕಿಗೆ ಸುತ್ತಿದ ರಬ್ಬರ್ ನೋಡಿದರು. ಕೊನೆಗೆ ವಿಶ್ವನಾಥನತ್ತ ತಿರುಗಿದರು.

ವಿಶ್ವನಾಥನೇ ಹೇಳಿದ, "ಮನಸ್ಸು ಎಲ್ಲಿ ಅದೆ ಅಂತ ಮೊದಲೇ ತಿಳಿದದ್ದು ಒಳ್ಳೇದೇ ಆತು ಮಾವಾ. ನಮ್ಮನೆಯವರಿಗೆ ನಾ ಹೇಳ್ತೆ."

"ನೀ ಒಬ್ಬನೇ ಹೇಳೂದು ಬೇಡ. ನಾನೇ ಬಂದು ಕೈ ಮುಗಿತೆ," ಎಂದು ದುರ್ಗಪ್ಪ ಎದ್ದರು. ನಾಲ್ಕು ಹೆಜ್ಜೆ ಹೋಗಿ ನಿಂತು, ದಿನೇಶನಿಗೆ ಕಾಣುವ ಹಾಗೆ ಪೂರ್ತಿ ತಿರುಗಿ ಹೇಳಿದರು. "ಶನಿವಾರ ಶೆಡ್ಡಿಗೆ ಬನ್ನಿ. ನಿಮ್ಮ ಆಯಿನೂ ಕರ್ಕಂಡು ಬನ್ನಿ."

ಜನ ಬೇರೆ ಕಾರುಗಳತ್ತ ಸರಿದರು. ಇಬ್ಬರೇ ಉಳಿದರು. ದಿನೇಶ ಅವಳ ಎದುರಿಗೆ, ಮುಖ ಪೂರ್ತಿ ಕಾಣುವ ಹಾಗೆ ನಿಂತ.

"ಈಗ ಹೇಳಿ. ಆವತ್ತು ಎಂತ ಕೇಳಿದ್ರಿ?"

"ಬೇರೆಯವರನ್ನ ಮದಿಯಾಗೂದಾ ಅಂತ ಕೇಳಿದ್ದೆ."

ಅವನ ಮುಖ ಬಿಳಿಚಿತು. "ನಾ ಅದಕ್ಕೆ ಆತು ಅಂದ್ನಾ?"

"ಛಲೋ ಆತು ಅಂತಲೂ ಅಂದ್ರಿ," ಎಂದಳು. ಅಳುವಿನ ನಡುವೆಯೇ ನಗು ಬಂತು.

"ಸುಚಿತಾ..." ಅವನು ಅವಳ ಎಣ್ಣೆ ಹತ್ತಿದ ಬೆರಳುಗಳನ್ನು ಹಿಡಿದುಕೊಂಡ. "ಬೇಡ. ಸಾವಿರ ಸಲ ಬೇಡ. ನಂಗೆ ನೀ ಬೇಕು. ನಿನ್ನ ಕಿವಿ ಅಲ್ಲ, ನೀನು. ಮೊದಲ ದಿನ ನೀ ನನ್ನ ಬೈದದ್ದು ನಂಗೆ ಕೇಳ್ಲಿಲ್ಲ, ತಲೆ ಎತ್ತಿದಾಗ ಮುಖ ಕಂಡಿತು. ಅವತ್ತಿಂದ ಬೇರೆ ಎಂತದೂ ಕಂಡಿಲ್ಲ."

ಅವಳು ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಅಲೆ ಬಂದು ಇಬ್ಬರ ಪಾದ ತೋಯಿಸಿ ಹೋಯಿತು.

"ಒಂದು ಕೇಳ್ಲಾ?" ಎಂದ ಅವನು ಸಂಕೋಚದಿಂದ. "ನನ್ನ ಧ್ವನಿ ನಂಗೇ ಸರಿಯಾಗಿ ಗೊತ್ತಾಗೂದಿಲ್ಲ. ನಿನ್ನ ಹೆಸರು ನಾ ಸರಿ ಹೇಳ್ತೆನಾ?"

"ಹೇಳಿ ಕಾಂಬ."

"ಸುಚಿತಾ."

ಅವಳು ಕಣ್ಣು ಮುಚ್ಚಿ ಕೇಳಿದಳು. ಇಷ್ಟು ಹೊತ್ತು ಹರಿಯದೆ ನಿಂತಿದ್ದ ಏನೋ ಒಂದು ಅವಳೆದೆಯಲ್ಲಿ ಬೆಚ್ಚಗೆ ಹರಿಯಿತು. ಕಣ್ಣು ತೆರೆದು, ಅವನಿಗೆ ಕಾಣುವ ಹಾಗೆ, ನಿಧಾನವಾಗಿ ಹೇಳಿದಳು.

"ಸರಿ ಇಲ್ಲ. ಇನ್ನೊಂದ್ಸಲ ಹೇಳಿ."

ಅವನು ಅವಳ ತುಟಿಯ ಅಂಚಿನ ನಗುವನ್ನೂ ಓದಿದ. ನಕ್ಕು, ಇನ್ನೊಂದು ಸಲ ಹೇಳಿದ.